ದೊರೆಯ ಗೋಲುಗಳು

“ಆ ಒಂದು ವಿಷಯ ಯಾರ ಬಾಯಿಂದಲೂ ಬರಕೂಡದು,” ಅಂದ ಅಧ್ಯಕ್ಷ, ಕುರ್ಚಿ ಹತ್ತಿ ನಿಂತು ಗೋಡೆಯ ಪಟಕ್ಕೆ ಪರದೆ ಕಟ್ಟುತ್ತ. “ಆಯಮ್ಮನಿಗೆ ಆಟದ ಗಂಧಗಾಳಿ ಇಲ್ಲ. ಒಂದು ದಿನವೂ ಸ್ಟೇಡಿಯಮ್ಮಿಗೆ ಕಾಲಿಟ್ಟೋರಲ್ಲ. ಗೊತ್ತಾಯ್ತೋ, ಬಂದ ಕಾಲಲ್ಲೇ ವಾಪಸ್ ಹೋಗ್ತಾರೆ.”

“ನಾನ್ಯಾಕೆ ಹೇಳ್ಲಿ?” ಅಂದ ಬಸ್ ಕಂಡಕ್ಟರ್.

“ನಿನ್ನ ಬಾಯಿಗೆ ಬೀಗ ಇಲ್ಲ. ಅದಕ್ಕೇ ನಿನಗೇ ಹೇಳ್ತಿರೋದು.”

ಅಧ್ಯಕ್ಷನಿಗೆ ಕೆಳಗಡೆ ಕ್ಷೌರದಂಗಡಿ; ಮೇಲಿನ ಕೋಣೆ ಫುಟ್‌ಬಾಲ್ ಅಭಿಮಾನಿಗಳ ಸಂಘದ್ದು. ವಾರವಿಡೀ ಜನರ ತಲೆ ಬಗ್ಗಿಸುವ ಅವನು ಭಾನುವಾರ ಮಾತ್ರ ಭಾಷಣ ಮಾಡುತ್ತಾನೆ. ಅಂದು ಭಾಷಣದ ವಿಷಯ ದೊರೆ. ಮೊದಲು ಡಿಫೆಂಡರ್ ಆಗಿ ಆಡಿ, ಆಮೇಲೆ ಅದೇ ತಂಡಕ್ಕೆ ಮ್ಯಾನೇಜರ್ ಆಗಿ, ಹೋದ ತಿಂಗಳು ತೀರಿಕೊಂಡ ಮನುಷ್ಯ. ದೊರೆ ಅನ್ನುವ ಹೆಸರಿಟ್ಟಿದ್ದೂ ಈ ಕೋಣೆಯವರೇ. ಅವರ ಮಾತು ಬಂದರೆ ಇಲ್ಲಿ ಮೊಮ್ಮಕ್ಕಳನ್ನು ಕಂಡವರೂ ಮೂಗು ಒರೆಸಿಕೊಳ್ಳುತ್ತಾರೆ. ಜೆರ್ಸಿ ಇಲ್ಲದೆ ಬರುವವರು ಬರಲೇಬೇಡಿ ಎಂದು ಅಧ್ಯಕ್ಷನ ಕಟ್ಟಪ್ಪಣೆಯಾಗಿತ್ತು. ಹಾಗಾಗಿ ಕೋಣೆಯ ತುಂಬ ನೀಲಿಯೋ ನೀಲಿ. ಹಲ್ಲಿನ ಡಾಕ್ಟರ ಜೆರ್ಸಿ ಮದುವೆಗೆ ಮುಂಚಿನದು. ಅವರು ಉಸಿರನ್ನು ಲೆಕ್ಕ ಹಾಕಿ ಬಿಡುತ್ತಿದ್ದರು.

ದೊರೆಯ ಹೆಂಡತಿ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ಅಧ್ಯಕ್ಷ ಪಟದ ಪರದೆ ಸರಿಯಾಗಿದೆಯೇ ಎಂದು ತಿರುಗಿ ನೋಡಿದ. ಆಕೆ ಸುಧಾರಿಸಿಕೊಂಡು ಒಳಗೆ ಬಂದು ಮುಂದಿನ ಸಾಲಿನಲ್ಲಿ ಕೂತರು. ಮಂಡಿ ನೋವಿರಬೇಕು ಎಂದುಕೊಂಡು ಅಧ್ಯಕ್ಷ ಸಮಾಧಾನಪಟ್ಟ.

ಬರಲು ಆಕೆಗೆ ಮನಸ್ಸಿರಲಿಲ್ಲ. ಗಂಡ ಆಟದಲ್ಲಿದ್ದಷ್ಟು ಕಾಲ ಆ ಮನೆ ಕಂಡದ್ದು ಬೈಗುಳದ ಫೋನು, ಒಡೆದ ಕಿಟಕಿ, ಪಕ್ಕದ ಮನೆಯವರ ವಾರೆನೋಟ. ಸತ್ತಾಗ ಕ್ಲಬ್ಬಿನ ಆಫೀಸಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಅಧ್ಯಕ್ಷ ಮಾತ್ರ ಮತ್ತೆ ಮತ್ತೆ ಬಂದು, ಸೋಫಾದ ಮೇಲೆ ಕೂತು, ಚಿಕ್ಕ ಮಗುವಿನ ಹಾಗೆ ಅತ್ತಿದ್ದ. ತಾನು ಕಣ್ಣು ಮುಚ್ಚುವ ಮೊದಲು ಗಂಡನ ಬಗ್ಗೆ ಯಾರ ಬಾಯಿಂದಲಾದರೂ ಒಂದು ಒಳ್ಳೆಯ ಮಾತು ಕೇಳಬೇಕು. ಆಕೆಗೆ ಬೇಕಿದ್ದದ್ದು ಅಷ್ಟೇ.

“ಮೊದಲೇ ಒಂದು ಕೇಳ್ಬಿಡ್ತೀನಿ,” ಅಂದರು ಆಕೆ. “ಫೈನಲ್ ಮ್ಯಾಚಿನ ದಿನ ನಮ್ಮ ಕಿಟಕಿಗೆ ಕಲ್ಲು ಹೊಡೆದೋರು ನಿಮ್ಮಲ್ಲಿ ಯಾರಾದ್ರೂ ಇದೀರಾ?”

ಕೋಣೆ ಬೆಚ್ಚಿಬಿತ್ತು. ಡಾಕ್ಟರು ಲೆಕ್ಕ ಮರೆತು ಉಸಿರು ಬಿಟ್ಟರು. ಕಂಕುಳಲ್ಲಿ ಹೊಲಿಗೆ ಬಿಚ್ಚಿತು.

“ನಾವಾ? ದೊರೆ ಮನೆಗಾ?” ಕಂಡಕ್ಟರ್ ಕುರ್ಚಿಯಿಂದ ಎದ್ದ. “ಆಣೆ ಮಾಡಿ ಹೇಳ್ತೀನಿ ಅಮ್ಮ, ಅವತ್ತು ನಾವೆಲ್ಲ ಬೀದೀಲಿ ಕುಣಿ...”

ಅಧ್ಯಕ್ಷ ಅವನ ಕಾಲು ತುಳಿದ. “ಅವನು ಹೇಳೋದು, ನಮ್ಮ ಕೈ ಅಂಥ ಕೆಲಸ ಮಾಡಲ್ಲ ಅಂತ. ಹೇಳಯ್ಯ, ಆ ತಲೆಯಲ್ಲಿ ಹೊಡೆದ ಗೋಲಿನದು ಹೇಳು.”

ಕಂಡಕ್ಟರ್ ಕಣ್ಣೊರೆಸಿಕೊಂಡು ಶುರು ಮಾಡಿದ. “ಏನಂತ ಹೇಳ್ಲಿ ಅಮ್ಮ! ಚೆಂಡು ಬಂತು, ದೊರೆ ಹಾರಿದ್ರು, ಟಣ್ ಅಂತ ಬಲೆಗೆ! ಗೋಲ್‌ಕೀಪರ್ ಅಲ್ಲಾಡಲಿಲ್ಲ. ದೊರೆಯಿಂದ ಅಂಥದ್ದು ಬರುತ್ತೆ ಅಂತ ಆ ಬಡಪಾಯಿ ಕನಸಲ್ಲೂ ನೆನೆಸಿರಲಿಲ್ಲ.”

“ಅದಾದ ಮೇಲೆ ಕುಣಿದ್ರಾ? ಕೂಗಿದ್ರಾ? ಊಹೂಂ,” ಅಂದರು ಡಾಕ್ಟರು, ಒಂದು ಕೈಯಲ್ಲಿ ಹೊಲಿಗೆ ಮುಚ್ಚಿಕೊಂಡು. “ತಲೆ ಮೇಲೆ ಕೈ ಹೊತ್ತು ಹುಲ್ಲಿನ ಮೇಲೆ ಕೂತುಬಿಟ್ರು. ಒಂದು ಸಲ ಅಲ್ಲ, ಪ್ರತಿ ಗೋಲಿಗೂ ಹಾಗೇ. ಎಂಥ ವಿನಯ! ಈಗಿನ ಹುಡುಗರಿಗೆ ಎಲ್ಲಿಂದ ಬರಬೇಕು ಅದು?”

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೋ ನಗುತ್ತಿದ್ದಾರೋ ಯಾರಿಗೂ ತಿಳಿಯಲಿಲ್ಲ.

ಅಧ್ಯಕ್ಷನಿಗೆ ಹುರುಪು ಬಂತು. “ಮ್ಯಾನೇಜರ್ ಆದ ಮೇಲಂತೂ ಕೇಳಲೇಬೇಡಿ ಅಮ್ಮ. ಫೈನಲ್ ಇನ್ನೇನು ಮುಗೀಬೇಕು, ಚೆನ್ನಾಗಿ ಆಡ್ತಿದ್ದ ಇಬ್ಬರನ್ನೂ ಹೊರಗೆ ಕರೆದ್ರು! ಯಾರಿಗಿದೆ ಆ ಎದೆಗಾರಿಕೆ? ಅದರಿಂದಲೇ ಕಪ್ ಬಂತು. ಅಂಥೋರನ್ನ ಕ್ಲಬ್ಬಿನೋರು ತೆಗೆದು ಹಾಕ್ತೀವಿ ಅಂದಾಗ ನಮ್ಮ ಹೊಟ್ಟೇಲಿ ಬೆಂಕಿ ಬಿತ್ತು. ಗೇಟಿನ ಮುಂದೆ ಧರಣಿ ಕೂತ್ವಿ. ಅವರು ಇನ್ನೂ ಹತ್ತು ವರ್ಷ ಇರ್ಲಿ ಅಂತ ಬಾಯಿ ಬಡ್ಕೊಂಡ್ವಿ. ಯಾರೂ ಕೇಳಲಿಲ್ಲ.”

“ನೀವು ಕೂತಿದ್ರಾ? ಅವರಿಗೋಸ್ಕರ?”

“ಬಿಸಿಲಲ್ಲಿ, ಅಮ್ಮ. ಚರ್ಮ ಸುಲಿದು ಹೋಯ್ತು.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅದೇ ಅಧ್ಯಕ್ಷನ ಸಂಕಟ. ಇವರ ಪ್ರೀತಿ ಅಪ್ಪಟವಾದದ್ದು, ಆದರೆ ಅದರ ಕಾರಣ ಹೇಳುವಂಥದ್ದಲ್ಲ. ಅಳುತ್ತ ಕೂತಿದ್ದ ಕಂಡಕ್ಟರ್ ಮತ್ತೆ ಬಾಯಿ ತೆರೆಯುವುದನ್ನು ಕಂಡು, ಇನ್ನು ತಡಮಾಡಿದರೆ ಕೆಲಸ ಕೆಟ್ಟಿತೆಂದು ಅಧ್ಯಕ್ಷ ಎದ್ದ. ಪರದೆಯ ಹಗ್ಗ ಆಕೆಯ ಕೈಗೆ ಕೊಟ್ಟ.

ಆಕೆ ಎಳೆದರು. ದೊರೆ ಪಟದಲ್ಲಿ ನಗುತ್ತಿದ್ದರು, ಎದೆಯವರೆಗಷ್ಟೇ, ಕೋಟು ತೊಟ್ಟು. ಚಪ್ಪಾಳೆಗೆ ಕೆಳಗಿನ ಅಂಗಡಿಯ ಕನ್ನಡಿಗಳು ನಡುಗಿದವು. ಆಕೆ ಗಂಡನ ಮುಖವನ್ನು ಮನಸಾರೆ ನೋಡಿದರು. ಆಮೇಲೆ ಅಧ್ಯಕ್ಷನತ್ತ ಬಗ್ಗಿ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದರು:

“ನನಗೆ ಆಟ ಗೊತ್ತಿಲ್ಲ, ನಿಜ. ಆದರೆ ಅಷ್ಟು ವರ್ಷ ನಾನು ಒಗೆದು ಹಾಕಿದ್ದು ಕೆಂಪು ಜೆರ್ಸಿ. ಬಾಗಿಲಲ್ಲೇ ತಿರುಗಿ ಹೋಗೋಣ ಅಂದ್ಕೊಂಡಿದ್ದೆ.”

ಅಧ್ಯಕ್ಷ ತನ್ನ ನೀಲಿ ಜೆರ್ಸಿಯನ್ನು ಕೈಯಿಂದ ಮುಚ್ಚಿಕೊಳ್ಳಲು ನೋಡಿದ. ಆಕೆ ಅವನ ಕೈ ಹಿಡಿದುಕೊಂಡರು.

“ಇರಲಿ ಬಿಡಪ್ಪ, ಅವರು ತಮ್ಮದೇ ಬಲೆಗೆ ಹೊಡೆದ ಗೋಲುಗಳಿಗೆ ಚಪ್ಪಾಳೆ ತಟ್ಟಿದೋರು ಈ ಲೋಕದಲ್ಲಿ ಎದುರು ತಂಡದ ನೀವಷ್ಟೇ.”