ಐದನೆಯ ಎಂಜಿನ್

ನಾಲ್ಕನೆಯ ಎಂಜಿನ್ನೂ ವಾಪಸ್ ಬಂತು.

ಲಿಫ್ಟ್ ರಿಪೇರಿಯವನು ಅದನ್ನು ಎತ್ತಿ ತಂದು ಅಂಗಡಿಯ ಮೇಜಿನ ಮೇಲಿಟ್ಟ. ಇಬ್ಬರೂ ದೋಣಿಯಲ್ಲಿ ಹೋಗುವಾಗ ಸರೋವರದ ನಟ್ಟನಡುವೆ ನಿಂತುಹೋಯಿತಂತೆ. ಎರಡು ತಾಸು ಹುಟ್ಟು ಹಾಕಿ ಅಂಗೈ ತುಂಬ ಬೊಬ್ಬೆ ಎದ್ದಿದ್ದವು. ಆದರೂ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಅವನ ಹಿಂದೆ ಬಂದ ನರ್ಸಮ್ಮನ ಮುಖದಲ್ಲಿತ್ತು.

“ಇದೂ ಆಗ್ಲಿಲ್ಲ ಮೇಸ್ತ್ರಿ,” ಅಂದ.

“ಹೇಗಾಗುತ್ತೆ? ಇವರು ಆರಿಸಿದ್ದು ತಾನೆ,” ಅಂದಳು ಆಕೆ.

ಮೇಸ್ತ್ರಿ ಸೊಂಟ ಹಿಡಿದುಕೊಂಡು ಎದ್ದ. ವಯಸ್ಸು ಅರವತ್ತೆರಡು. ಆರು ವಾರದಿಂದ ಪ್ರತಿ ಶನಿವಾರ ಇದೇ ರಾಮಾಯಣ.

ಇವರಿಬ್ಬರ ದೋಣಿಯೇನೋ ಚೆಂದದ್ದೇ. ಐವತ್ತು ವರ್ಷದ ಹಳೆಯ ತೇಗ, ಜೇನಿನ ಬಣ್ಣ, ಅಂಚಿಗೆಲ್ಲ ಹಿತ್ತಾಳೆ. ಜೊತೆಗೆ ಬಂದಿದ್ದ ಎಂಜಿನ್ ಕೈಕೊಟ್ಟಿತ್ತು. ಅದರ ಬಿಡಿಭಾಗ ಈಗ ಎಲ್ಲೂ ಸಿಗುವುದಿಲ್ಲ. ಆಚೆ ದಡದ ಹೋಟೆಲಿನವನು ದೋಣಿ ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಒಂದೇ ಷರತ್ತು: ಹೊಸ ಎಂಜಿನ್ ಹಾಕಿ, ಸರೋವರ ದಾಟಿಸಿ ತನ್ನ ಕಟ್ಟೆಗೆ ತಂದು ನಿಲ್ಲಿಸಬೇಕು.

ಮೊದಲನೆಯ ಎಂಜಿನ್ ಕಿವಿ ಹರಿಯುವಷ್ಟು ಸದ್ದು ಮಾಡುತ್ತದೆ ಎಂದು ಆಕೆ ಬೇಡವೆಂದಳು. ಎರಡನೆಯದು ಭಾರ, ದೋಣಿಯ ಹಿಂಭಾಗ ನೀರಿಗೆ ಕೂರುತ್ತದೆ ಎಂದು ಲಿಫ್ಟ್ ರಿಪೇರಿಯವನು ಬೇಡವೆಂದ. ಮೂರನೆಯದು ಅರ್ಧ ದಾರಿಯಲ್ಲಿ ನಿಂತಿತು. ಈಗ ಇದು.

“ಬೇಗ ಒಂದು ಗಟ್ಟಿಯಾದ್ದು ಕೊಡಿ ಮೇಸ್ತ್ರಿ. ಆ ದೋಣಿ ಮಾರಿ ಕೈತೊಳ್ಕೊಂಡ್ರೆ ಸಾಕಾಗಿದೆ ನಂಗೆ,” ಎಂದು ಹೇಳಿ ನರ್ಸಮ್ಮ ಬಸ್ಸಿಗೆ ಓಡಿದಳು. ಆಸ್ಪತ್ರೆಯ ಪಾಳಿಗೆ ಹೊತ್ತಾಗಿತ್ತು. ಅವನು ಸ್ಕೂಟರ್ ಹತ್ತಿ ಬೇರೆ ದಿಕ್ಕಿಗೆ ಹೋದ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೂ ಇಷ್ಟು ಜಗಳಕ್ಕೆ ಇವರಿಗೆ ತ್ರಾಣವಾದರೂ ಎಲ್ಲಿಂದ ಬರುತ್ತದೋ, ಅಂದುಕೊಂಡ ಮೇಸ್ತ್ರಿ.

ಕನ್ನಡಕ ಏರಿಸಿ ಎಂಜಿನ್ ತಿರುಗಿಸಿ ನೋಡಿದ. ಪೆಟ್ರೋಲ್ ಪೈಪು ಎಂಜಿನ್ನಿಗೆ ಸೇರುವಲ್ಲಿ ಒಂದು ಸಣ್ಣ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಅದಿಲ್ಲದಿದ್ದರೆ ಪೈಪು ಗಾಳಿ ಎಳೆದುಕೊಳ್ಳುತ್ತದೆ. ಎಂಜಿನ್ ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತದೆ.

ಕ್ಲಿಪ್ ಇರಲಿಲ್ಲ.

ಮೂರನೆಯದರಲ್ಲೂ ಇರಲಿಲ್ಲ. ಆಗ ಮೇಸ್ತ್ರಿ ಯಾರಿಗೂ ಹೇಳಿರಲಿಲ್ಲ. ಹಾಕುವುದನ್ನು ತಾನೇ ಮರೆತೆ, ಕೈ ಸೋತಿತು, ಇನ್ನು ಅಂಗಡಿಗೆ ಬೀಗ ಹಾಕುವುದೇ ಮೇಲು ಎಂದು ಮೂರು ದಿನ ಒಳಗೊಳಗೇ ಬೆಂದಿದ್ದ. ಈ ಸಲ ಮಾತ್ರ ಹಾಗಲ್ಲ. ಹಾಕಿದ್ದು ನೆನಪಿತ್ತು. ಎಳೆದು ನೋಡಿದ್ದು ನೆನಪಿತ್ತು. ಎರಡೆರಡು ಸಲ.

ಅಂದರೆ ಯಾರೋ ಕಿತ್ತಿದ್ದಾರೆ. ಯಾರು ಎಂದು ಕೇಳಬೇಕಾದದ್ದೇ ಇಲ್ಲ. ಮಾರಲು ಆಕೆ ಅವಸರಪಡುತ್ತಿದ್ದಾಳೆ. ಇವನೋ, ದಿನವಿಡೀ ನಟ್ಟು ಬೋಲ್ಟುಗಳ ಜೊತೆ ಬದುಕುವವನು. ಪೈಪು ಜೋತಾಡುತ್ತಿರುವುದು ಇವನ ಕಣ್ಣಿಗೆ ಬೀಳಲಿಲ್ಲವೆಂದರೆ ನಂಬುವುದು ಹೇಗೆ?

ಸೋಮವಾರ ಮಧ್ಯಾಹ್ನ ಅವನೊಬ್ಬನನ್ನೇ ಕರೆಸಿದ. ಸ್ಟೂಲು ಎಳೆದು ಕೂರಿಸಿದ.

“ದೋಣಿ ಮಾರೋಕೆ ಮನಸ್ಸಿಲ್ಲದಿದ್ರೆ ಹೆಂಡ್ತಿ ಹತ್ರ ಬಾಯಿಬಿಟ್ಟು ಹೇಳ್ರಿ. ಕ್ಲಿಪ್ ಕಿತ್ತು ನನ್ನ ಹೆಸರು ಯಾಕೆ ಕೆಡಿಸ್ತೀರಿ? ನನ್ನ ಕೈಯೇ ಸೋತುಹೋಯ್ತು ಅಂದ್ಕೊಂಡು ಮೂರು ದಿನ ಊಟ ಸೇರಿಲ್ಲ ನಂಗೆ.”

ಅವನ ಮುಖ ಸಪ್ಪಗಾಯಿತು. ಅಂಗೈಯ ಬೊಬ್ಬೆಗಳನ್ನೇ ನೋಡಿಕೊಂಡ.

“ತಪ್ಪಾಯ್ತು ಮೇಸ್ತ್ರಿ. ನಿಮಗೆ ಹೀಗಾಗುತ್ತೆ ಅಂತ ಹೊಳೀಲಿಲ್ಲ. ಆದ್ರೆ ಅವಳು ನನ್ನ ಹೆಂಡ್ತಿ ಅಲ್ಲ.”

“ಏನಂದ್ರಿ?”

“ಆಗಿದ್ಲು. ಬೇರೆಯಾಗಿ ಒಂಬತ್ತು ವರ್ಷ ಆಯ್ತು. ಮನೆ ಅವಳಿಗೆ, ಸ್ಕೂಟರ್ ನಂಗೆ. ಚಮಚದವರೆಗೂ ಪಾಲಾಯ್ತು. ದೋಣೀನ ಕೊಯ್ದು ಎರಡು ಮಾಡೋಕಾಗುತ್ತಾ? ಇಬ್ಬರ ಹೆಸರಲ್ಲೇ ಉಳೀತು. ವರ್ಷಕ್ಕೊಂದು ದಿನ ಸೇರಿ ಬಣ್ಣ ಹೊಡೀತಿದ್ವಿ. ಅವಳು ಆ ಕಡೆಯಿಂದ, ನಾನು ಈ ಕಡೆಯಿಂದ. ಮಾತಿಲ್ಲ, ಕತೆಯಿಲ್ಲ. ಈಗ ಎಂಜಿನ್ ನೆಪದಲ್ಲಿ ಆರು ಶನಿವಾರ ಜಗಳ ಆಡಿದೀವಿ.”

ಮೇಸ್ತ್ರಿ ಕೈಯಲ್ಲಿದ್ದ ಬಟ್ಟೆಯಿಂದ ಮೇಜು ಒರೆಸಿದ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದ.

“ಮಾರಿಬಿಟ್ರೆ ಅದೂ ಮುಗೀತು,” ಅಂದ ಅವನು.

“ಅಷ್ಟಕ್ಕೋಸ್ಕರ ಕಿತ್ರಾ?”

“ನಾನು ಕೀಳಲಿಲ್ಲ ಮೇಸ್ತ್ರಿ.”

ಸ್ಟೂಲಿನಿಂದ ಎದ್ದ. ಗೋಡೆಯುದ್ದಕ್ಕೂ ನಿಲ್ಲಿಸಿದ್ದ ಎಂಜಿನ್ನುಗಳ ಮುಂದೆ ನಿಧಾನವಾಗಿ ನಡೆದ. ಒಂದೊಂದರ ಬಳಿಯೂ ಬಗ್ಗಿ, ಪೈಪು ಸೇರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಮೇಸ್ತ್ರಿ ನೋಡುತ್ತಲೇ ನಿಂತ. ಐದನೆಯದರ ಹತ್ತಿರ ಬಂದವನು ತಿರುಗಿದ.

“ಕ್ಲಿಪ್ ಸ್ವಲ್ಪ ಸಡಿಲ ಇರೋದು ಕೊಡಿ ಮೇಸ್ತ್ರಿ. ಶನಿವಾರ ನಾನು ಬೇಕಂತಲೇ ಅಷ್ಟು ಹೊತ್ತು ಆಚೆ ದಡ ನೋಡ್ತಾ ಕೂತಿದ್ರೂ, ಪಾಪ, ಅದನ್ನ ಕೀಳೋಕೆ ಹೋಗಿ ಬೆರಳು ಕೊಯ್ಕೊಂಡ್ಲು.”