ಗ್ಯಾರೇಜಿನವರ ಮೋಸ

ಈ ಸಲ ಕಾರಿನ ಎಂಜಿನ್ ಆಯಿಲ್ ನಾನೇ ಬದಲಾಯಿಸುತ್ತೇನೆ ಎಂದು ಮನೆಯಲ್ಲಿ ಸಾರಿದೆ. ಹಿಂದೊಮ್ಮೆ ನಾನು ರಿಪೇರಿ ಮಾಡಿದ ಮಿಕ್ಸಿ ಅಟ್ಟ ಸೇರಿತ್ತು. ಅದು ನೆನಪಾಯಿತೋ ಏನೋ, ಹೆಂಡತಿ, "ಗ್ಯಾರೇಜಿಗೇ ಕೊಡೋಣ ಕಣ್ರೀ" ಎಂದಳು.

"ಇಷ್ಟಕ್ಕೆಲ್ಲ ಗ್ಯಾರೇಜ್ ಯಾಕೆ? ವಿಡಿಯೋ ನೋಡಿ ಕಲ್ತಿದೀನಿ" ಎಂದೆ. ಆಮೇಲೆ ಅವಳು ಆ ಮಾತೇ ಎತ್ತಲಿಲ್ಲ. ಗೆದ್ದೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಅವಳು ತರಕಾರಿ ತರಲು ಹೋದಾಗ, ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದೆ. ಸ್ಪ್ಯಾನರ್ ಹಿಡಿದು, ಹಲ್ಲು ಕಚ್ಚಿ, ಒದ್ದಾಡಿ, ಕೊನೆಗೂ ನಟ್ಟು ಬಿಚ್ಚಿದೆ. ಕೆಳಗಿಟ್ಟಿದ್ದ ಹಳೆಯ ಬೇಸಿನ್ನಿಗೆ ಆಯಿಲ್ ಸುರಿಯಿತು. ಜೀವನದಲ್ಲಿ ಮೊದಲ ಸಲ ನಾನು ಬಿಚ್ಚಬೇಕೆಂದುಕೊಂಡದ್ದು ಮುರಿಯದೆ ಬಿಚ್ಚಿಕೊಂಡಿತ್ತು.

ಎದುರುಮನೆಯ ವಸಂತರಾಯರು ಬಗ್ಗಿ ನೋಡಿದರು. "ಹಳೇ ಆಯಿಲ್ ಕಪ್ಪಗಿರುತ್ತಲ್ವಾ? ಇದು ಜೇನುತುಪ್ಪದ ಹಾಗಿದೆಯಲ್ಲ."

"ಅದೇ ನೋಡಿ ಗ್ಯಾರೇಜಿನವರ ಮೋಸ. ಚೆನ್ನಾಗಿರೋದನ್ನೇ ಕೆಟ್ಟಿದೆ ಅಂತ ತೆಗೆದು ಚೆಲ್ತಾರೆ. ಮುಂದಿನ ವಾರ ನಿಮ್ಮ ಕಾರಿಂದೂ ನಾನೇ ಮಾಡ್ಕೊಡ್ತೀನಿ."

ರಾಯರು ಉತ್ತರ ಕೊಡುವ ಮೊದಲೇ ಹೆಂಡತಿ ಗೇಟು ತೆಗೆದು ಒಳಗೆ ಬಂದಳು. ಬೇಸಿನ್ ನೋಡಿ ತರಕಾರಿ ಚೀಲ ಕೆಳಗಿಟ್ಟಳು.

"ಬಿಚ್ಚಿಬಿಟ್ರಾ?"

"ಮತ್ತೇನಂದ್ಕೊಂಡೆ?" ಎಂದು ಮೀಸೆ ತಿರುವಿದೆ. ಮೀಸೆಗೂ ಆಯಿಲ್ ಮೆತ್ತಿಕೊಂಡಿತು.

"ಶುಕ್ರವಾರ ನೀವು ಆಫೀಸಿಗೆ ಹೋದ್ಮೇಲೆ ಗ್ಯಾರೇಜಿಗೆ ಕೊಟ್ಟು ಹೊಸ ಆಯಿಲ್ ಹಾಕ್ಸಿದ್ದೆ ಕಣ್ರೀ. ಹೇಗಿದ್ರೂ ನಿಮ್ಮ ಕೈಲಿ ಆ ನಟ್ಟು ಬಿಚ್ಚೋಕಾಗಲ್ಲ ಅನ್ನೋ ಧೈರ್ಯದಲ್ಲಿ ಸುಮ್ಮನಿದ್ದೆ."