ಜಾಕಿ ಬಿಚ್ಚಿದ ಗ್ಯಾಲರಿ

"ನಿಮ್ಮ ಮಗ ಬೆಳಿಗ್ಗೆ ಕಾಲು ಜಾರಿ ಬಿದ್ದುಬಿಟ್ಟ, ಯಜಮಾನ್ರೇ. ಉಳೀಲಿಲ್ಲ," ಎಂದು ಮೇಸ್ತ್ರಿ ಬಾಗಿಲಲ್ಲೇ ನಿಂತು ಹೇಳಿದ. ತಂದೆ ಗೋಡೆ ಹಿಡಿದು ಕುಳಿತರು. ಆಮೇಲೆ ಫೋನ್ ತೆರೆದು, ತಾನು ಕಟ್ಟಡ ಕೆಲಸಕ್ಕಿದ್ದ ಹೊಸ ಫುಟ್‌ಬಾಲ್ ಕ್ರೀಡಾಂಗಣದಿಂದ ಮಗ ದಿನವೂ ಕಳಿಸುತ್ತಿದ್ದ ಚಿತ್ರಗಳನ್ನು ಸರಿಸತೊಡಗಿದರು. ಕಾಂಕ್ರೀಟ್ ಗಟ್ಟಿಯಾಗುವ ತನಕ ಅದಕ್ಕೆ ಅಚ್ಚು, ಆಸರೆ ಕಟ್ಟುವ ಸೆಂಟ್ರಿಂಗ್ ಕೆಲಸವನ್ನು ಮೂವತ್ತು ವರ್ಷ ಮಾಡಿ, ಈ ಮೇಸ್ತ್ರಿಗೂ ಕಲಿಸಿದ್ದ ಅವರಿಗೆ ಅದೇ ದಿನಪತ್ರಿಕೆಯಾಗಿತ್ತು. "ಮೊದಲ ಗೋಲು ನೀನೇ ಹೊಡೀಬೇಕು, ಅಪ್ಪಾ," ಎಂದು ಮಗ ಛೇಡಿಸುತ್ತಿದ್ದ.

ಭಾನುವಾರದ ಚಿತ್ರದಲ್ಲಿ ಪೂರ್ವದ ಗ್ಯಾಲರಿಗೆ ಕಾಂಕ್ರೀಟ್ ಹಾಕುತ್ತಿದ್ದರು. ಕೆಳಗೆ ಕಬ್ಬಿಣದ ಜಾಕಿಗಳು ಸಾಲಾಗಿ ನಿಂತು ಭಾರ ಹೊತ್ತಿದ್ದವು. ನಿನ್ನೆ ಗುರುವಾರದ ಚಿತ್ರದಲ್ಲಿ ಅರ್ಧದಷ್ಟು ಜಾಕಿಗಳೇ ಇರಲಿಲ್ಲ. ತಂದೆಯ ಬೆರಳು ಆ ಖಾಲಿ ನೆಲದ ಮೇಲೆ ನಿಂತುಬಿಟ್ಟಿತು.

"ಕಾಂಕ್ರೀಟ್ ಇನ್ನೂ ಹಸಿ ಇರುವಾಗ, ನಾಲ್ಕೇ ದಿನಕ್ಕೆ ಬಿಚ್ಚಿಸಿದ್ಯಾ? ನಾನು ನಿನಗೆ ಕಲಿಸಿದ್ದು ಇದನ್ನೇನೋ?"

"ಪಶ್ಚಿಮದ ಗ್ಯಾಲರಿಗೆ ಜಾಕಿ ಸಾಲ್ತಿರ್ಲಿಲ್ಲ. ಉದ್ಘಾಟನೆ ಹತ್ರ ಬಂತು ಅಂತ ಮೇಲಿನವರು ತಲೆ ತಿಂತಿದ್ರು."

"ಅವನು ಜಾರಲಿಲ್ಲ, ಅಲ್ವಾ?"

ಮೇಸ್ತ್ರಿ ಒಪ್ಪಿಕೊಂಡ. "ಗ್ಯಾಲರಿ ಅಂಚಿನ ಒಂದು ತುಂಡು ಕಳಚಿ ಅವನ ಮೇಲೆ ಬಿತ್ತು. ಉಳಿದದ್ದು ಹಾಗೇ ನಿಂತಿದೆ."

"ಈಗ ಅದರ ಕೆಳಗೆ ಯಾರಿದ್ದಾರೆ?"

"ಇಪ್ಪತ್ತು ಜನ. ಕೆಲಸ ನಿಲ್ಲಿಸಿಲ್ಲ."

"ಮೊದಲು ಅವರನ್ನ ಆಚೆ ಕರಿಯೋ! ಅಳೋದು ಆಮೇಲೆ ಇದ್ದೇ ಇದೆ."

ಮೇಸ್ತ್ರಿ ಕರೆ ಮಾಡಿದ. ಆ ಕಡೆ ಫೋನ್ ರಿಂಗಾಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಇನ್ನೊಂದು ನಂಬರಿಗೆ ಮಾಡಿದ. ಅಲ್ಲೂ ಎತ್ತಲಿಲ್ಲ. ತಂದೆ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

"ಭಗವಂತಾ, ನನ್ನ ಕಂದನ ಆತ್ಮಕ್ಕೆ ಶಾಂತಿ ಕೊಡು. ಅವನ ಜೊತೆಗೆ ಇನ್ಯಾರನ್ನೂ ಕರ್ಕೋಬೇಡಪ್ಪಾ."